ಗದಗಿನ ಬಿಸಿಲಿಗೆ ನಮ್ಮ ಪಗ್ ನಾಯಿ ಸದಾ ಏದುಸಿರು ಬಿಡುತ್ತದೆ. ಇದು ಸಹಜವೇ, ಕಾಯಿಲೆಯೇ?

ನಾಯಿಗೆ ಮನುಷ್ಯರಂತೆ ಮೈತುಂಬ ಬೆವರು ಬಾರದ ಕಾರಣ, ಏಪ್ರಿಲ್ ತಿಂಗಳ ಗದಗಿನ ಬಿಸಿಲಿನಲ್ಲಿ ಅದು ನಾಲಿಗೆ ಚಾಚಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುವುದು ಸಹಜವೇ. ಆದರೆ ನೆರಳಿಗೆ ಬಂದು ಮಲಗಿದ ಮೇಲೂ ಉಸಿರು ತಗ್ಗದಿದ್ದರೆ ಅದನ್ನು ಸೆಕೆಯ ತಲೆಗೆ ಕಟ್ಟಿ ಸುಮ್ಮನಿರಬಾರದು. ಗಾಢ ನಿದ್ರೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿರಿ (ಒಮ್ಮೆ ಏರಿ ಇಳಿದರೆ ಒಂದು ಉಸಿರು): ಎಣಿಕೆ ಪದೇ ಪದೇ 30 ದಾಟಿದರೆ ಹೃದಯದ ಅಥವಾ ಶ್ವಾಸಕೋಶದ ತೊಂದರೆಯನ್ನು ಶಂಕಿಸಬೇಕು. ಪಗ್ ತಳಿಯಲ್ಲಿ ಮೂಗಿನ ಹೊಳ್ಳೆಗಳು ಕಿರಿದು, ಮೃದು ಅಂಗುಳು, ಅಂದರೆ ಬಾಯಿಯ ಮೇಲ್ಭಾಗದ ಹಿಂಬದಿಯ ಮೆತ್ತನೆಯ ಭಾಗ, ಉದ್ದ. ಅದರ ಗೊರಕೆಯನ್ನು ಮುದ್ದೆಂದು ನಗುವವರೇ ಹೆಚ್ಚು, ವಾಸ್ತವದಲ್ಲಿ ಅದು ಗಾಳಿಯ ದಾರಿ ಇಕ್ಕಟ್ಟಾಗಿರುವ ಸದ್ದು. ತುಟಿ ಎತ್ತಿ ನೋಡಿದಾಗ ಒಸಡು ನೀಲಿಗಟ್ಟಿದ್ದರೆ ಅಥವಾ ಬಿಳಿಚಿಕೊಂಡಿದ್ದರೆ, ಕತ್ತಿನ ಪಟ್ಟಿ ಬಿಚ್ಚಿ ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿರಿ.