ಸಂಪಾದಕರ ಉತ್ತರ: ಕೈಗೆ ಸಿಗದಿರುವುದು ತಪ್ಪೇ?

ಮಾನ್ಯ ಓದುಗರೇ,

ರಾತ್ರಿ ಒಂಬತ್ತರ ನಂತರ ಮೊಬೈಲನ್ನು ಕಪಾಟಿನಲ್ಲಿಡಲು ಆರಂಭಿಸಿದ ಮೇಲೆ ಮೇಲಧಿಕಾರಿಗಳು ಸಿಡಿಮಿಡಿಗೊಂಡರು, ನೆಂಟರು 'ಈಗ ನೀವು ದೊಡ್ಡವರಾಗಿಬಿಟ್ಟಿರಿ' ಎಂದು ಚುಚ್ಚಿದರು ಎಂದು ಬರೆದು, ಸದಾ ಸಿಗುತ್ತಿರಬೇಕೆಂಬ ಈ ನಿರೀಕ್ಷೆಗೆ ಸಿಟ್ಟಾಗುವುದು ನನ್ನದೇ ತಪ್ಪೇ ಎಂದು ಕೇಳಿದ್ದೀರಿ. ಖಂಡಿತ ತಪ್ಪಲ್ಲ. ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ನಿಮ್ಮ ಪತ್ರಕ್ಕೆ ನ್ಯಾಯ ಸಲ್ಲುವುದಿಲ್ಲ.

1973ರ ಏಪ್ರಿಲ್ 3ರಂದು ಮೊಟೊರೊಲಾ ಕಂಪನಿಯ ಎಂಜಿನಿಯರ್ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈಯಲ್ಲಿ ಹಿಡಿಯುವ ಫೋನಿನಿಂದ ಮೊದಲ ಕರೆ ಮಾಡಿದಾಗ, ಒಂದು ಕಿಲೋಗ್ರಾಂಗೂ ಹೆಚ್ಚು ತೂಗುತ್ತಿದ್ದ ಆ ಉಪಕರಣ ಮನುಷ್ಯನನ್ನು ತಂತಿಯಿಂದ ಬಿಡಿಸಿತು. ಆದರೆ ತಂತಿಯ ಫೋನು ಕೊಟ್ಟಿದ್ದ ಒಂದು ಆಸರೆಯೂ ಕ್ರಮೇಣ ಹೋಯಿತು: 'ಮನೆಯಲ್ಲಿರಲಿಲ್ಲ' ಎಂದರೆ ಆಗ ಮಾತು ಮುಗಿಯುತ್ತಿತ್ತು. ಕಾಗದಕ್ಕೆ ಯಾವಾಗ ಉತ್ತರ ಬರೆಯಬೇಕೆಂಬುದೂ ಅದನ್ನು ಪಡೆದವರ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. 2014ರ ನವೆಂಬರಿನಲ್ಲಿ ವಾಟ್ಸಾಪ್ ನೀಲಿ ಗುರುತುಗಳನ್ನು ತಂದ ಮೇಲೆ, ಓದಿದ ಸಂಗತಿ ಕಳುಹಿಸಿದವರಿಗೂ ತಿಳಿಯತೊಡಗಿ, ಓದಿಯೂ ಸುಮ್ಮನಿರುವುದು ಅವಮಾನದ ಲೆಕ್ಕಕ್ಕೆ ಸೇರಿತು. ನನ್ನನ್ನು ಕಾಡುವುದು ಇದೇ. ಹೊತ್ತು ನಮ್ಮದಾದರೂ ಅದರ ಲೆಕ್ಕವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾಗಿದೆ.

ಕೆಲಸದ ಮಟ್ಟಿಗೆ ಕೆಲವು ದೇಶಗಳು ಇದನ್ನು ಹಕ್ಕಿನ ಪ್ರಶ್ನೆಯೆಂದೇ ಪರಿಗಣಿಸಿವೆ. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ಅವಧಿ ಮುಗಿದ ಮೇಲಿನ ಸಂಪರ್ಕದ ಬಗ್ಗೆ ನೌಕರರ ಪ್ರತಿನಿಧಿಗಳೊಂದಿಗೆ ಮಾತುಕತೆ ನಡೆಸಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ (ಸಣ್ಣ ಸಂಸ್ಥೆಗಳಲ್ಲಿ ಅದರ ಮರುವರ್ಷದಿಂದ), ನಿರಾಕರಣೆ ಅಸಮಂಜಸವಲ್ಲದಿದ್ದರೆ, ಅಂತಹ ಕರೆಗೆ ಓಗೊಡದಿರುವ ಹಕ್ಕು ನೌಕರನಿಗಿದೆ. ನೆಂಟರ ಮುನಿಸಿಗೆ ಯಾವ ಕಾನೂನೂ ಇಲ್ಲ.

ಕರೆಯುವವರ ಪಾಲಿನ ತಪ್ಪನ್ನೂ ಹೇಳಬೇಕು, ಅವರಲ್ಲಿ ನಾನೂ ಒಬ್ಬ. ಮರೆತುಹೋದೀತೆಂದು ಲೇಖಕರಿಗೆ ತಡರಾತ್ರಿ ಸಂದೇಶ ಕಳುಹಿಸಿ ನಿಶ್ಚಿಂತೆಯಿಂದ ಮಲಗಿದ್ದೇನೆ. ನನ್ನ ತಲೆಯ ಭಾರವನ್ನು ಅವರ ತಲೆದಿಂಬಿನ ಬಳಿ ಇಳಿಸಿದ್ದೆನೆಂಬುದು ನಿಮ್ಮ ಪತ್ರ ಓದುವಾಗ ಹೊಳೆಯಿತು. ಇನ್ನು ಮುಂದೆ ಬರೆದಿಟ್ಟುಕೊಂಡು ಬೆಳಿಗ್ಗೆಯೇ ಕಳುಹಿಸುತ್ತೇನೆ.

ನಿಜವಾದ ತುರ್ತಿಗೆ ಸಿಗಲಾರೆನೆಂಬ ನಿಮ್ಮ ಅಳುಕಿಗೆ ದಾರಿಯಿದೆ. ಈಗಿನ ಬಹುತೇಕ ಫೋನುಗಳ 'ಡು ನಾಟ್ ಡಿಸ್ಟರ್ಬ್' ವ್ಯವಸ್ಥೆಯಲ್ಲಿ, ನೀವು ಆಯ್ದ ಕೆಲವರ ಕರೆಗಳು ಮತ್ತು ಕೆಲವೇ ನಿಮಿಷಗಳಲ್ಲಿ ಅದೇ ಸಂಖ್ಯೆಯಿಂದ ಎರಡನೆಯ ಬಾರಿ ಬರುವ ಕರೆ ಮಾತ್ರ ಸದ್ದು ಮಾಡುವಂತೆ ಹೊಂದಿಸಬಹುದು. ಅದನ್ನು ಹೊಂದಿಸಿ, ಕಪಾಟಿನ ಬಾಗಿಲು ಸ್ವಲ್ಪ ತೆರೆದಿಡಿ. ಮೇಲಧಿಕಾರಿಗಳಿಗೂ ನೆಂಟರಿಗೂ ಈ ಕ್ರಮವನ್ನು ಮೊದಲೇ ತಿಳಿಸಿ. ತಿಳಿಸಿದ ಮೇಲೂ ಮುನಿಸಿಕೊಳ್ಳುವವರು ಮುನಿಸಿಕೊಳ್ಳಲಿ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ನಾಲ್ಕು ಸಾಲುಗಳು. ನಿಮ್ಮ ತಂದೆಯವರು ತಮ್ಮ ಮೊದಲ ಕೆಲಸದ ದಿನಗಳ ಬಗ್ಗೆ ಹೇಳುತ್ತಿದ್ದಾಗ ಫೋನಿನ ಪರದೆ ಬೆಳಗಿತು, ನಿಮ್ಮ ಕಣ್ಣು ಅತ್ತ ಹೊರಳಿತು, ಅವರು ಮಾತನ್ನು ಅರ್ಧಕ್ಕೇ ನಿಲ್ಲಿಸಿ 'ಇರಲಿ, ಅದನ್ನು ನೋಡಿಕೋ' ಎಂದರು. ನೀವು ತಲೆಯೆತ್ತುವಷ್ಟರಲ್ಲಿ ದಿನಪತ್ರಿಕೆ ಬಿಡಿಸಿ ಕುಳಿತಿದ್ದರು. ಬಂದದ್ದು ಯಾವುದೋ ಜಾಹೀರಾತಿನ ಸಂದೇಶ. ಅಂದು ನಿಮ್ಮನ್ನು ಯಾವ ಅಧಿಕಾರಿಯೂ ಕರೆದಿರಲಿಲ್ಲ, ಯಾವ ನೆಂಟರೂ ಒತ್ತಾಯಿಸಿರಲಿಲ್ಲ. ಕಪಾಟಿನ ಅಭ್ಯಾಸ ಮರುದಿನವೇ ಶುರುವಾಯಿತೆಂದಿದ್ದೀರಿ. ಆ ಮಾತು ಎಲ್ಲಿಗೆ ನಿಂತಿತ್ತೆಂಬುದು ನಿಮಗಿನ್ನೂ ನೆನಪಿದ್ದರೆ, ಇಂದು ರಾತ್ರಿ ಅವರ ಪಕ್ಕದಲ್ಲಿ ಕುಳಿತು, ಆಮೇಲೇನಾಯಿತು ಎಂದು ಕೇಳಿ.

- ಸಂಪಾದಕ