ಆಕ್ಷನ್ ಜಗಳ ಆಮೇಲೆ, ಮೊದ್ಲು ಬಾಲ್ ಎಣಿಸಿ

(ಓದುಗರ ಪ್ರಶ್ನೆ, ರಿಟೈರ್ಡ್ ಪಿ.ಟಿ. ಮೇಷ್ಟ್ರ ಉತ್ತರ)

ಹೋದ ತಿಂಗಳು ಬೇಸ್‌ಬಾಲ್ ಆಡೋ ಹುಡುಗನ ಮೊಣಕೈ ನೋವಿನ ಬಗ್ಗೆ ಎರಡೇ ಸಾಲು ಬರೆದಿದ್ದೆ, "ಆಕ್ಷನ್ (ಎಸೆಯೋ ರೀತಿ) ತಿದ್ದೋಕೆ ಮುಂಚೆ ಎಸೆತ ಕಮ್ಮಿ ಮಾಡಿಸಿ" ಅಂತ. ಅಷ್ಟಕ್ಕೇ ಕ್ರಿಕೆಟ್ ಪ್ರಶ್ನೆಗಿಂತ ಜಾಸ್ತಿ ಕಾಗದ ಬಂದ್ವು. ದಾವಣಗೆರೆ, ಚಿತ್ರದುರ್ಗದ ಶಾಲೆಗಳಲ್ಲಿ ಇಷ್ಟು ಜನ ಈ ಆಟ ಆಡ್ತಾರೆ ಅಂತ ನಂಗೂ ಗೊತ್ತಿರ್ಲಿಲ್ಲ ಬಿಡಿ. ಅದಕ್ಕೆ ಈ ಸಲ ಪೂರ್ತಿ ಜಾಗ ಇದಕ್ಕೇ.

ಪ್ರಶ್ನೆ: ಮೇಷ್ಟ್ರೇ, ನನ್ ಮಗನಿಗೆ 13 ವರ್ಷ, ಶಾಲೆ ಟೀಮಲ್ಲಿ ಅವನೇ ಪಿಚರ್ (ಬ್ಯಾಟ್ ಹಿಡಿದೋನಿಗೆ ಬಾಲ್ ಎಸೆಯೋನು). ಎರಡು ವಾರದಿಂದ ಮೊಣಕೈ ಒಳಮಗ್ಗುಲು ನೋವು ಅಂತಾನೆ. ಕೋಚ್ ಮೊಣಕೈ ಕೆಳಗೆ ಬೀಳ್ತೈತೆ ಅಂತಾರೆ, ಕ್ರಿಕೆಟ್ ಹೇಳ್ಕೊಡೋ ಇನ್ನೊಬ್ರು ಜಾಸ್ತಿ ಮೇಲೆ ಹೋಗ್ತೈತೆ ಅಂತಾರೆ, ನಮ್ಮಮ್ಮ ಎಣ್ಣೆ ಹಚ್ಚಿ ತಿಕ್ಕು ಅಂತಾಳೆ. ಬೆಳಗ್ಗೆ ಬೇಸ್‌ಬಾಲ್ ಪ್ರಾಕ್ಟೀಸ್, ಸಂಜೆ ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್, ಭಾನುವಾರ ಟೆನ್ನಿಸ್ ಬಾಲ್ ಟೂರ್ನಮೆಂಟ್. ಯಾರ ಮಾತು ಕೇಳ್ಲಿ?
– ಒಬ್ಬ ಅಪ್ಪ, ವಿದ್ಯಾನಗರ, ದಾವಣಗೆರೆ

ಉತ್ತರ: ಅಪ್ಪಾಜಿ, ಉತ್ತರ ನಿಮ್ಮ ಕಾಗದದಲ್ಲೇ ಐತೆ, ಕೊನೆ ಎರಡು ಸಾಲಲ್ಲಿ. ನೀವು ಅದನ್ನ ಹಂಗೇ ಮಾತಿಗೆ ಬರೆದಂಗೆ ಬರೆದಿದೀರ, ನಾನು ಅದನ್ನೇ ಮೊದ್ಲು ಓದಿದೆ. ಬೆಳಗ್ಗೆ ಒಂದು ಆಟ, ಸಂಜೆ ಒಂದು ಆಟ, ಭಾನುವಾರ ಇನ್ನೊಂದು, ಮೂರಕ್ಕೂ ಬೇರೆಬೇರೆ ಕೋಚ್, ಮೂವರಿಗೂ ಅವರವರ ಲೆಕ್ಕದಲ್ಲಿ ಹುಡುಗ ಸ್ವಲ್ಪಾನೇ ಎಸೀತಾನೆ, ಆದ್ರೆ ಮೂವರಿಗೂ ಸೇರಿ ಅವನಿಗಿರೋದು ಒಂದೇ ಬಲಗೈ.

ಮೊದ್ಲು ಎಸೆಯೋದು ನಿಲ್ಲಿಸಿ, ಇವತ್ತೇ. ಒಂದು ಸಲ ಮೂಳೆ ಡಾಕ್ಟ್ರಿಗೆ ತೋರ್ಸಿ, ಬೇಕಾದ್ರೆ ಅವರೇ ಎಕ್ಸ್‌ರೇ ತೆಗೆಸ್ತಾರೆ. ಎಣ್ಣೆ ತಿಕ್ಕೋದು ಬೇಡ, ಅಮ್ಮನಿಗೆ ನಾನು ಹೇಳ್ದೆ ಅಂತ ಹೇಳಿ, ಬೈದ್ರೆ ನನ್ನ ಬೈಯ್ಲಿ. ಯಾಕಂದ್ರೆ 13 ವರ್ಷದ ಹುಡುಗನ ಮೊಣಕೈ ದೊಡ್ಡೋರ ಮೊಣಕೈ ಚಿಕ್ಕದಾಗಿದ್ದಂಗಲ್ಲ. ಒಳಮಗ್ಗುಲ ಮೂಳೆ ಗುಬುಟಿನ ಹತ್ರ ಇನ್ನೂ ಬೆಳೀತಿರೋ ಮೆದು ಮೂಳೆ ಪದರ ಇರುತ್ತೆ, ಅದು ಗಟ್ಟಿಯಾಗಿ ಕೂಡ್ಕೊಳ್ಳೋದು ಹದಿಹರೆಯದ ಕೊನೆ ಹೊತ್ತಿಗೆ. ಅಲ್ಲೀ ತನಕ ಅದು ಲಿಗಮೆಂಟಿಗಿಂತ, ಅಂದ್ರೆ ಮೂಳೆಗೆ ಮೂಳೆ ಕಟ್ಟೋ ಪಟ್ಟಿಗಿಂತ, ಬಡಪಾಯಿ. ದೊಡ್ಡೋರಿಗೆ ಲಿಗಮೆಂಟ್ ಹರಿಯೋ ಕಡೆ ಮಕ್ಕಳಿಗೆ ಈ ಪದರಾನೇ ಎಳೆದು ಬಿಟ್ಕೊಳ್ಳುತ್ತೆ. ಬೇಗ ಗಮನ ಕೊಟ್ಟು ರೆಸ್ಟ್ ಕೊಟ್ರೆ ಸಾಮಾನ್ಯವಾಗಿ ವಾಸಿ ಆಗೋ ಅಂಥದ್ದೇ, ನೋವಲ್ಲೇ ಆಡಿಸಿದ್ರೆ ಮಾತ್ರ ಕಷ್ಟ.

ಇನ್ನು ಲೆಕ್ಕ. ಅಮೆರಿಕದಲ್ಲಿ ಮಕ್ಕಳ ಲಿಟಲ್ ಲೀಗ್ ನೋರು 2007ರಲ್ಲೇ ಇನಿಂಗ್ಸ್ ಲೆಕ್ಕ ಬಿಟ್ಟು ಎಸೆತದ ಲೆಕ್ಕಕ್ಕೆ ಬಂದ್ರು. ಆಮೇಲೆ 2014ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಮತ್ತೆ ಯುಎಸ್‌ಎ ಬೇಸ್‌ಬಾಲ್ ಸೇರಿ ಪಿಚ್ ಸ್ಮಾರ್ಟ್ ಅಂತ ಒಂದು ಪಟ್ಟಿ ಮಾಡಿದ್ರು. ಅದ್ರ ಪ್ರಕಾರ 13–14 ವಯಸ್ಸಿನ ಹುಡುಗ ಒಂದು ದಿನಕ್ಕೆ ಜಾಸ್ತಿ ಅಂದ್ರೆ 95 ಎಸೆತ, 66 ಮುಟ್ಟಿದ್ರೆ ಮುಂದಿನ 4 ದಿನ ಪಿಚಿಂಗ್ ಇಲ್ಲ, 21ರಿಂದ 35 ಎಸೆದಿದ್ರೂ 1 ದಿನ ರಜ. ವರ್ಷದಲ್ಲಿ ಕನಿಷ್ಠ 4 ತಿಂಗಳು ಮ್ಯಾಚ್ ಪಿಚಿಂಗ್ ಬೇಡ ಅಂತಾನೂ ಇದೆ, ಅದ್ರಲ್ಲಿ 2–3 ತಿಂಗಳು ಒಟ್ಟಿಗೇ ಕೈ ಮೇಲೆತ್ತಿ ಎಸೆಯೋದನ್ನೇ ಬಿಡ್ಬೇಕು. ಈ ಎಸೆತದ ಎಣಿಕೆ ಮ್ಯಾಚಿನ ಲೆಕ್ಕ ಅಷ್ಟೆ, ನಿಮ್ಮ ಮಗ ಬೌಂಡರಿ ಲೈನಿಂದ ಕೀಪರ್‌ಗೆ ಎಸೆಯೋದು, ಮನೆ ಮುಂದೆ ಗೋಡೆಗೆ ಎಸೆಯೋದು ಇದ್ರಲ್ಲಿ ಸೇರಿಲ್ಲ. ಕೈಗೆ ಮಾತ್ರ ಎಲ್ಲಾ ಸೇರುತ್ತೆ.

ಹಂಗಾಗಿ ಒಂದು 20 ರೂಪಾಯಿ ನೋಟ್‌ಬುಕ್ ತಗೊಂಡು ದಿನಾ ರಾತ್ರಿ ಊಟಕ್ಕೆ ಕೂತಾಗ ಕೇಳಿ: ಇವತ್ತು ಎಲ್ಲೆಲ್ಲಿ ಎಷ್ಟೆಷ್ಟು ಎಸೆದೆ. ಪಕ್ಕದಲ್ಲಿ ಕೈ ಸುಸ್ತಾಗಿತ್ತಾ ಅಂತಾನೂ ಬರೀರಿ. ಈ ಸುಸ್ತಿನ ಸಾಲೇ ಮುಖ್ಯ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಜೇಮ್ಸ್ ಆಂಡ್ರ್ಯೂಸ್ ಅಂತ ಹೆಸರಾದ ಸರ್ಜನ್, ಗ್ಲೆನ್ ಫ್ಲೈಸಿಗ್ ಅನ್ನೋ ಎಂಜಿನಿಯರ್ ಇವರ ತಂಡ 2006ರಲ್ಲಿ ಆಪರೇಷನ್ ಆದ ಹುಡುಗರನ್ನೂ ಏನೂ ಆಗದೇ ಇರೋ ಹುಡುಗರನ್ನೂ ಹೋಲಿಸಿ ನೋಡ್ತು. ಕೈ ಸೋತಿದ್ರೂ ಎಸೀತಿದ್ದೆ ಅಂದೋರು ಆಪರೇಷನ್ ಗುಂಪಲ್ಲಿ ಇರೋ ಸಾಧ್ಯತೆ 36 ಪಟ್ಟು ಜಾಸ್ತಿ ಇತ್ತು. ವರ್ಷಕ್ಕೆ 8 ತಿಂಗಳಿಗಿಂತ ಹೆಚ್ಚು ಪಿಚ್ ಮಾಡಿದೋರಿಗೆ 5 ಪಟ್ಟು.

ಪ್ರಶ್ನೆ: ಸಾರ್, ನಾನು 15 ವರ್ಷದಿಂದ ಹುಡುಗರಿಗೆ ಆಟ ಕಲಿಸ್ತಾ ಇದೀನಿ, ನಿಮ್ಮ ಮಾತು ಒಪ್ಪಲ್ಲ. ಎಣಿಸ್ಕೊಂಡು ಕೂತ್ರೆ ಹುಡುಗರು ಹತ್ತಿ ಮೂಟೆ ಆಗ್ತಾರೆ. ಆಕ್ಷನ್ ಸರಿಯಿದ್ರೆ 200 ಬಾಲ್ ಹಾಕಿದ್ರೂ ಏನೂ ಆಗಲ್ಲ. ಜಪಾನ್ ಹುಡುಗರು ಹಾಕಲ್ವಾ? ನಿಮ್ಮೂರಿನ ವಿನಯ್ ಕುಮಾರ್ ದಿನಗಟ್ಟಲೆ ಬೌಲ್ ಮಾಡ್ಲಿಲ್ವಾ?
– ಒಬ್ಬ ಕೋಚ್, ಚಿತ್ರದುರ್ಗ

ಉತ್ತರ: ಕೋಚ್ ಸಾರ್, ನಿಮ್ಮ ಕಾಗದ ಖಾರವಾಗಿತ್ತು, ಮಿರ್ಚಿ ಜೊತೆ ಮಂಡಕ್ಕಿ ತಿಂತಾ ಓದಿದೆ.

ಆಕ್ಷನ್ ಮುಖ್ಯ ಅಲ್ಲ ಅಂತ ನಾನು ಹೇಳೇ ಇಲ್ಲ. ಮೆಕ್ಕೆಜೋಳದ ಹೊಲದಲ್ಲಿ ಹಕ್ಕಿ ಓಡಿಸೋಕೆ ಕವಣೆ ಬೀಸೋರನ್ನ ನೀವೂ ನೋಡಿರ್ತೀರ, ಗಟ್ಟಿ ಆಳು ತೋಳಲ್ಲಿ ಬೀಸಲ್ಲ, ಕಾಲೂರಿ ಸೊಂಟ ತಿರುಗ್ಸಿ ಬೀಸ್ತಾನೆ, ತೋಳು ಹಗ್ಗದ ತುದಿ ಥರ ಹಿಂದಿಂದ ಬರುತ್ತೆ. ಪಿಚಿಂಗೂ ಅಷ್ಟೇ. ಮುಂಗಾಲು ನೆಲಕ್ಕೆ ಊರೋ ಹೊತ್ತಿಗೆ ಎಸೆಯೋ ಕೈ ಮೇಲೆದ್ದು ರೆಡಿ ಇರ್ಬೇಕು, ಮೊದ್ಲು ಸೊಂಟ ಆಮೇಲೆ ಎದೆ ತಿರುಗ್ಬೇಕು. ಕೈ ಲೇಟಾದ್ರೆ, ಇಲ್ಲಾ ಎದೆ ಮೊದ್ಲೇ ತಿರುಗಿಬಿಟ್ರೆ, ಆ ಬಾಕಿ ಎಲ್ಲಾ ಭುಜ ಮೊಣಕೈ ಮೇಲೆ ಬೀಳುತ್ತೆ. ಇಷ್ಟನ್ನ ಕಲಿಸೋ ಕೋಚ್‌ಗೆ ನಾನೇ ಕೈ ಮುಗೀತೀನಿ.

ಆದ್ರೆ ಒಳ್ಳೇ ಆಕ್ಷನ್ ಇರೋನ ಮೊಣಕೈ ಮೇಲೂ ಭಾರ ಬೀಳೋದು ತಪ್ಪಲ್ಲ. ಫ್ಲೈಸಿಗ್ ತಂಡ 1995ರಲ್ಲಿ ದೊಡ್ಡ ಪಿಚರ್‌ಗಳನ್ನ ಅಳೆದಾಗ ಮೊಣಕೈ ಹತ್ರ ಸುಮಾರು 64 ನ್ಯೂಟನ್ ಮೀಟರ್ ತಿರುಚು ಬಲ ಸಿಕ್ತು. ನಮ್ ಭಾಷೇಲಿ ಹೇಳೋದಾದ್ರೆ ಮೊಣಕೈಯಿಂದ ಒಂದು ಅಡಿ ದೂರದಲ್ಲಿ 20 ಕೆಜಿ ಮೇಲ್ಪಟ್ಟ ಚೀಲ ನೇತು ಹಾಕಿ, ಮುಂಗೈನ ಹಿಂದಕ್ಕೆ ತಿರುಚಿದಂಗೆ, ಪ್ರತಿ ಎಸೆತಕ್ಕೂ. ಸ್ನಾಯು ಗಟ್ಟಿ ಇದ್ರೆ ಅದ್ರಲ್ಲಿ ಪಾಲು ತಗೊಳ್ಳುತ್ತೆ, ಸೋತ ಮೇಲೆ ಲಿಗಮೆಂಟೇ ಹೊರ್ಬೇಕು. ನೀವು ಬೆಳಗ್ಗೆ ತಿದ್ದಿದ ಆಕ್ಷನ್ 70ನೇ ಎಸೆತದ ಹೊತ್ತಿಗೆ ಹಂಗೇ ಇರುತ್ತಾ ಅಂತ ಒಂದ್ಸಲ ಮೊಬೈಲಲ್ಲಿ ವಿಡಿಯೋ ಮಾಡಿ ನೋಡಿ. ಸುಸ್ತಾದ ಮೇಲೆ ಎಲ್ಲರ ಆಕ್ಷನ್ನೂ ಕೆಡುತ್ತೆ, ಅಂದ್ರೆ ಆಕ್ಷನ್ ಉಳಿಸ್ಕೊಳ್ಳೋಕೂ ಎಣಿಸ್ಲೇಬೇಕು. ಜೊತೆಗೆ ಆಕ್ಷನ್ ನೋಡಿ ಭವಿಷ್ಯ ಹೇಳೋ ಪಂಡಿತರು ಅಮೆರಿಕದ ಪಿಚರ್ ಮಾರ್ಕ್ ಪ್ರಯರ್‌ದು ಪುಸ್ತಕದಲ್ಲಿ ಹಾಕೋವಷ್ಟು ಚೆಂದದ ಆಕ್ಷನ್ ಅಂತ ಹೊಗಳಿದ್ರು, ಅವನ ಭುಜ ಕೈಕೊಟ್ಟ ಮೇಲೆ ಅದೇ ಆಕ್ಷನ್ನಲ್ಲಿ ದೋಷ ಹುಡುಕಿದ್ರು. ಅಲ್ಲಿಗೇ ನಂಗೆ ಸಾಕಾಯ್ತು.

ಜಪಾನ್ ಮಾತಿಗೆ ಬರ್ತೀನಿ. 1998ರ ಕೋಶಿಯೆನ್ ಹೈಸ್ಕೂಲ್ ಟೂರ್ನಮೆಂಟಲ್ಲಿ ದೈಸುಕೆ ಮತ್ಸುಜಾಕಾ ಒಂದೇ ಕ್ವಾರ್ಟರ್‌ಫೈನಲ್ಲಲ್ಲಿ 17 ಇನಿಂಗ್ಸ್, 250 ಎಸೆತ ಹಾಕ್ದ, ಫೈನಲ್ಲಲ್ಲಿ ಎದುರಾಳಿಗೆ ಒಂದು ಹಿಟ್ ಕೂಡ ಹೊಡೆಯೋಕೆ ಬಿಡ್ಲಿಲ್ಲ, ದೇವರಾದ. ನಿಜ. 2011ರಲ್ಲಿ ಅದೇ ಮೊಣಕೈಗೆ ಆಪರೇಷನ್ನೂ ಆಯ್ತು, ಅದೂ ನಿಜ. 2013ರ ವಸಂತದ ಕೋಶಿಯೆನ್‌ನಲ್ಲಿ ತೊಮೊಹಿರೊ ಅನ್ರಕು ಅನ್ನೋ 16ರ ಹುಡುಗ 5 ಮ್ಯಾಚಲ್ಲಿ 772 ಎಸೆತ ಹಾಕಿದ್ದು ಅಲ್ಲೇ ದೊಡ್ಡ ಚರ್ಚೆ ಆಯ್ತು, ಕೊನೆಗೆ 2020ರಿಂದ ಒಬ್ಬ ಹುಡುಗನಿಗೆ ವಾರಕ್ಕೆ 500 ಎಸೆತ ಅಂತ ಮಿತಿ ಹಾಕಿದ್ರು. ನೀವು ಉದಾಹರಣೆ ಕೊಡ್ತಿರೋ ಜಪಾನೇ ಈಗ ಎಣಿಸ್ತಾ ಐತೆ ಸಾರ್. (500 ನನ್ನ ಪ್ರಕಾರ ಜಾಸ್ತಿನೇ, ಅದು ಬೇರೆ ಮಾತು.)

ವಿನಯ್ ಕುಮಾರ್ ನಮ್ಮ ಹೆಮ್ಮೆ, ದಾವಣಗೆರೆ ಎಕ್ಸ್‌ಪ್ರೆಸ್ ಅಂತ ಸುಮ್ನೆ ಕರೀಲಿಲ್ಲ, 2013–14, 2014–15 ಎರಡು ವರ್ಷ ಸಾಲಾಗಿ ರಣಜಿ ಗೆದ್ದ ಕ್ಯಾಪ್ಟನ್. ಆದ್ರೆ ಬೌಲಿಂಗೇ ಬೇರೆ, ಪಿಚಿಂಗೇ ಬೇರೆ. ಕ್ರಿಕೆಟ್ಟಲ್ಲಿ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾಗೋ ಹಾಗಿಲ್ಲ, ಬೇಸ್‌ಬಾಲಲ್ಲಿ ಮಡಚಿ ಬಿಚ್ಚೋದೇ ಆಟ. ಅದಕ್ಕೇ ಚಿಕ್ಕ ವಯಸ್ಸಿನ ಫಾಸ್ಟ್ ಬೌಲರ್‌ಗೆ ಬೆನ್ನಿನ ಕೆಳಭಾಗದ ಮೂಳೆ ಬಿರುಕು ಬಿಡೋದು ಜಾಸ್ತಿ, ಪಿಚರ್‌ಗೆ ಮೊಣಕೈ.

ಇಷ್ಟು ಗಟ್ಟಿಯಾಗಿ ಹೇಳೋಕೆ ಒಂದು ಕಾರಣ ಐತೆ, ಹೇಳ್ಬಿಡ್ತೀನಿ. ಹಿಂದೆ ನಾನೇ ಒಬ್ಬ ಹುಡುಗನ ಕೈಯಲ್ಲಿ ಒಂದೇ ದಿನ ಮೂರು ಮ್ಯಾಚ್ ಎಸೆಸಿದೀನಿ, ಮಧ್ಯಾಹ್ನವೇ ಅವನು ಕೈ ಉಜ್ಜಿಕೊಳ್ತಾ ಇದ್ದ, ನಾನು ನೋಡಿದ್ದೆ, ನೋಡಿನೂ ಇನ್ನೊಂದೇ ಮ್ಯಾಚ್ ಕಣೋ ಅಂದಿದ್ದೆ. ಕಪ್ ಬಂತು. ಈಗ್ಲೂ ಮಂಡಕ್ಕಿ ಭಟ್ಟಿ ಕಡೆ ಹೋದಾಗ ಸಿಕ್ತಾನೆ, ಮೇಷ್ಟ್ರೇ ಅಂತ ಕೈ ಎತ್ತುತಾನೆ, ಆ ಕೈ ಪೂರ್ತಿ ನೆಟ್ಟಗಾಗಲ್ಲ.

ಪ್ರಶ್ನೆ: ನನ್ನ ತಂಗಿ ಮಗನಿಗೆ 11. ಕರ್ವ್ ಬಾಲ್ ಕಲಿಸ್ಕೊಡು ಅಂತ ಹಠ. ಕೈ ಹಾಳಾಗುತ್ತೆ ಅಂತಾರಲ್ಲ?
– ಹಿರಿಯೂರು

ಉತ್ತರ: ಇದ್ರ ಜಗಳ ಇನ್ನೂ ಮುಗಿದಿಲ್ಲ. 2002ರ ಒಂದು ಅಧ್ಯಯನದಲ್ಲಿ 9ರಿಂದ 14ರ ಮಕ್ಕಳಲ್ಲಿ ಕರ್ವ್ (ಗಾಳಿಯಲ್ಲಿ ಬಾಗಿ ಕೆಳಗಿಳಿಯೋ ಬಾಲ್) ಹಾಕೋರಿಗೆ ಭುಜ ನೋವು, ಸ್ಲೈಡರ್ (ವೇಗವಾಗಿ ಬಂದು ಪಕ್ಕಕ್ಕೆ ಸರಿಯೋ ಬಾಲ್) ಹಾಕೋರಿಗೆ ಮೊಣಕೈ ನೋವು ಜಾಸ್ತಿ ಕಂಡಿತ್ತು. ಆಮೇಲೆ ಲ್ಯಾಬಲ್ಲಿ ಕ್ಯಾಮೆರಾ ಇಟ್ಟು ಅಳೆದ್ರೆ ಕರ್ವ್‌ಗಿಂತ ಫಾಸ್ಟ್ ಬಾಲಲ್ಲೇ ಮೊಣಕೈ ಮೇಲೆ ಭಾರ ಜಾಸ್ತಿ ಅಂತ ಬಂತು. ನನ್ ಅಭಿಪ್ರಾಯ ಕೇಳಿದ್ರೆ, ಮೊದ್ಲು ನೇರ ಬಾಲ್ ಹೇಳಿದ ಕಡೆ ಹಾಕೋದು ಕಲೀಲಿ, ಆಮೇಲೆ ಅದೇ ಕೈ ಬೀಸಲ್ಲಿ ಸ್ಪೀಡ್ ಇಳಿಸೋ ಚೇಂಜಪ್. 11ರ ವಯಸ್ಸಿಗೆ ಇವೆರಡು ಬಂದ್ರೆ ಬ್ಯಾಟ್ಸ್‌ಮನ್ ತಬ್ಬಿಬ್ಬಾಗೋಕೆ ಅಷ್ಟು ಸಾಕು.

ಪ್ರಶ್ನೆ: ಟಾಮಿ ಜಾನ್ ಆಪರೇಷನ್ ಮಾಡಿಸ್ಕೊಂಡ್ರೆ ಮುಂಚೆಗಿಂತ ಸ್ಪೀಡ್ ಬರುತ್ತಂತೆ ಹೌದಾ? ನಂಗೆ 19, ನೋವೇನಿಲ್ಲ.
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನೋವಿಲ್ದೇ ಇರೋನು ಕೈ ಕೊಯ್ಸ್ಕೊಳ್ಳೋ ಮಾತಾಡ್ತೀಯಲ್ಲೋ ಮಾರಾಯ!

ಕತೆ ಕೇಳು. ಲಾಸ್ ಏಂಜಲೀಸ್ ಡಾಡ್ಜರ್ಸ್ ಟೀಮಿನ ಎಡಗೈ ಪಿಚರ್ ಟಾಮಿ ಜಾನ್‌ಗೆ 1974ರಲ್ಲಿ ಮೊಣಕೈ ಲಿಗಮೆಂಟ್ ಹರೀತು. ಡಾಕ್ಟ್ರು ಫ್ರಾಂಕ್ ಜೋಬ್ ಅವನ ಬಲಗೈ ಮುಂಗೈಯಿಂದ ಒಂದು ನರದಂಥ ದಾರ, ಅಂದ್ರೆ ಸ್ನಾಯುರಜ್ಜು, ತೆಗೆದು ಎಡ ಮೊಣಕೈಗೆ ಹೆಣೆದ್ರು, ವಾಪಸ್ ಆಡೋ ಚಾನ್ಸ್ ನೂರಕ್ಕೆ ಒಂದು ಅಂದಿದ್ರು. 1975 ಪೂರ್ತಿ ಹೊರಗೆ ಕೂತು 1976ರಲ್ಲಿ ವಾಪಸ್ ಬಂದ, 1989ರ ತನಕ ಆಡ್ದ, ಆಪರೇಷನ್ ಆದ ಮೇಲೇನೇ 164 ಮ್ಯಾಚ್ ಗೆದ್ದ. ಆ ದಾರ ನಿಂಗೂ ಐತಾ ನೋಡ್ಕೋ: ಹೆಬ್ಬೆರಳು ಕಿರುಬೆರಳು ಜೋಡಿಸಿ ಮಣಿಕಟ್ಟು ಸ್ವಲ್ಪ ಒಳಕ್ಕೆ ಬಗ್ಗಿಸಿದ್ರೆ ನಡುವೆ ಹಗ್ಗದಂಗೆ ಎದ್ದು ಕಾಣುತ್ತೆ. ಕೆಲವರಿಗೆ ಹುಟ್ಟಿಂದಲೇ ಇರಲ್ಲ, ಹೆದರ್ಬೇಡ, ಅದಿಲ್ದೇ ಹೋದ್ರೂ ಕೈ ಕೆಲಸ ನಡೆಯುತ್ತೆ.

ಆಪರೇಷನ್ ಆದೋರಿಗೆ ಸ್ಪೀಡ್ ಬಂದಂಗೆ ಕಾಣೋದು ಯಾಕಂದ್ರೆ ಒಂದು ವರ್ಷದ ಮೇಲೆ ಅವರು ಕಾಲು, ಬೆನ್ನು, ಭುಜಕ್ಕೆ ಶಿಸ್ತಾಗಿ ವ್ಯಾಯಾಮ ಮಾಡಿರ್ತಾರೆ, ಜೊತೆಗೆ ಹರಿದ ಕೈಯಲ್ಲಿ ಕಮ್ಮಿಯಾಗಿದ್ದ ಸ್ಪೀಡ್ ವಾಪಸ್ ಬಂದಿರುತ್ತೆ. ಆ ವ್ಯಾಯಾಮ ನೀನು ಚಾಕು ಇಲ್ದೇನೇ ಮಾಡ್ಬೋದು. ಜಪಾನಿನ ಬೇಸ್‌ಬಾಲ್ ಸ್ಟಾರ್ ಒಹ್ತಾನಿಯಂಥೋನಿಗೇ 2018ರಲ್ಲಿ ಒಂದ್ಸಲ, 2023ರಲ್ಲಿ ಇನ್ನೊಂದ್ಸಲ ಮೊಣಕೈ ಆಪರೇಷನ್ ಆಗಿದೆ, ಒಂದ್ಸಲ ಮಾಡಿಸಿದ್ರೆ ಜೀವನಪೂರ್ತಿ ಗ್ಯಾರಂಟಿ ಅಂತ ಏನಿಲ್ಲ.

ಪ್ರಶ್ನೆ: ನನ್ನ ಮಗಳು ಸಾಫ್ಟ್‌ಬಾಲ್ ಪಿಚರ್, 14 ವರ್ಷ. ಕೈ ಕೆಳಗಿಂದ ಎಸೆಯೋದ್ರಿಂದ ಏನೂ ಆಗಲ್ಲ ಅಂತ ಮೇಡಂ ದಿನಾ ಎಲ್ಲಾ ಮ್ಯಾಚೂ ಅವಳ ಕೈಲೇ ಹಾಕಿಸ್ತಾರೆ. ಭುಜದ ಮುಂದೆ ನೋವು ಅಂತಾಳೆ.
– ಒಬ್ಬ ತಾಯಿ, ಚಳ್ಳಕೆರೆ

ಉತ್ತರ: ಇಲ್ಲಮ್ಮ, ಅದು ತಪ್ಪು ತಿಳುವಳಿಕೆ, ಮೇಡಂ ಒಬ್ರದ್ದೇ ಅಲ್ಲ, ಎಲ್ಲಾ ಕಡೆ ಐತೆ. ಕೈನ ಗಾಳಿಗಿರಣಿ ಥರ ಸುತ್ತಿ ಎಸೆಯೋ ಆ ಎಸೆತದಲ್ಲೂ ಭುಜನ ಕೀಲಿಂದ ಆಚೆಗೆ ಎಳೆಯೋ ಬಲ ಮೇಲಿಂದ ಎಸೆಯೋರ ಹತ್ತಿರಕ್ಕೇ ಬರುತ್ತೆ ಅಂತ ಅಳೆದು ನೋಡಿದಾರೆ. ಭುಜದ ಮುಂಭಾಗದಲ್ಲಿ ನೋವು ಅಂದ್ರೆ ಬೈಸೆಪ್ಸ್ ಹಿಡ್ಕೊಂಡಿರೋ ಜಾಗ, ಈ ಹುಡುಗೀರಲ್ಲಿ ಮಾಮೂಲಿ ದೂರು ಅದೇ. ಈ ವಾರ ಎಸೆಯೋದು ಬೇಡ, ಡಾಕ್ಟ್ರಿಗೆ ತೋರ್ಸಿ. ಮೇಡಂ ಹತ್ರ ಜಗಳಕ್ಕೆ ಹೋಗ್ಬೇಡಿ, ಟೀಮಲ್ಲಿ ಇನ್ನಿಬ್ರಿಗೆ ಪಿಚಿಂಗ್ ಕಲಿಸಿ ಅಂತ ಕೇಳಿ, ಬೇಕಾದ್ರೆ ನಿಮ್ಮ ಮಗಳೇ ಕೂತ್ಕೊಂಡು ಕಲಿಸ್ಲಿ, ರಜೆಯಲ್ಲಿ ಅವಳಿಗೂ ಹೊತ್ತು ಹೋಗುತ್ತೆ. ಈ ಪುಟನ ಮೇಡಂಗೆ ತೋರ್ಸೋದಾದ್ರೆ ನನ್ ಹೆಸರು ಹೇಳಿ, ಅಡ್ಡಿಯಿಲ್ಲ.