ಜರಿಗಿಡ ವಿಷ ಹೀರುತ್ತದೆ ನಿಜ, ಯಾವ ವಿಷ ಅನ್ನುವುದೇ ಪ್ರಶ್ನೆ

ಬದಿಯಡ್ಕದ ಅಣ್ಣಾ, ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಕೇಳಿದ್ದನ್ನು ಎರಡು ಸಲ ಓದಿದೆ. ಉತ್ತರ ಉದ್ದ ಆಗುತ್ತದೆ, ಅಡಿಕೆ ಒಣಗಲು ಹಾಕಿ ಬಂದು ನಿಧಾನಕ್ಕೆ ಓದಿ.

ಮಧ್ಯದಲ್ಲಿ ಸೇರಿದವರಿಗೆ ಪ್ರಶ್ನೆ ಹೇಳಿಬಿಡುತ್ತೇನೆ. ಗಿಡ ಮಾರುವವರೊಬ್ಬರು ಅಣ್ಣನಿಗೆ ಒಂದು ಜರಿಗಿಡ ತೋರಿಸಿ, ಇದು ಮಣ್ಣಿನ ವಿಷವನ್ನೆಲ್ಲ ಹೀರುತ್ತದೆ, ವಿಜ್ಞಾನಿಗಳೇ ಒಪ್ಪಿದ್ದಾರೆ ಎಂದಿದ್ದಾರೆ. ಗಿಡಕ್ಕೆ 150 ರೂಪಾಯಿ. ಗೇರು ಗುಡ್ಡೆಯ ಕೆಳಗಿನ ಜಾಗಕ್ಕೆ 200 ಗಿಡ ಹಾಕಿದರೆ ಹಿಂದೆ ಗೇರಿಗೆ ಬಿಟ್ಟ ಎಂಡೋಸಲ್ಫಾನ್ ಕೀಟನಾಶಕ ಹೋಗುತ್ತದಾ ಅನ್ನುವುದು ಒಂದು ಪ್ರಶ್ನೆ. ಅಪ್ಪನ ಅಂಗೈ ಗಟ್ಟಿಯಾಗಿ ಕಾಳು ಕಾಳಾಗಿದೆ, ಬಾವಿ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದ್ದರೆ ಹೀಗಾಗುತ್ತದೆ ಎಂದು ಯಾರೋ ಹೆದರಿಸಿದ್ದಾರೆ, ಹೌದಾ ಅನ್ನುವುದು ಇನ್ನೊಂದು.

ಮೊದಲು ನಿಮ್ಮ 30,000 ರೂಪಾಯಿ ಉಳಿಸುತ್ತೇನೆ. ಗಿಡ ತರಬೇಡಿ. ಯಾಕೆ ಎಂದು ಹೇಳಲು ಗಿಡದಿಂದಲೇ ಶುರು ಮಾಡಬೇಕು, ಯಾಕೆಂದರೆ ಮಾರುವವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ.

ಆ ಗಿಡದ ಹೆಸರು ಟೆರಿಸ್ ವಿಟ್ಟಾಟಾ. ನಮ್ಮಲ್ಲಿ ಎಲ್ಲ ಜರಿಗೂ ಜರಿ ಅಂತಲೇ ಹೇಳುತ್ತೇವೆ, ಹಾಗಾಗಿ ಗುರುತು ಹೇಳುತ್ತೇನೆ. ನಡುವೆ ಒಂದು ದಂಟು, ಎರಡೂ ಕಡೆ ಏಣಿಯ ಮೆಟ್ಟಿಲಿನ ಹಾಗೆ ಉದ್ದುದ್ದ ಕಿರಿದಾದ ಎಲೆ, ತುದಿಯಲ್ಲಿ ಒಂದು ಉದ್ದದ ಎಲೆ. ಎಲೆ ಮಗುಚಿ ನೋಡಿದರೆ ಅಂಚಿನುದ್ದಕ್ಕೂ ಕಂದು ಬಣ್ಣದ ಗೆರೆ. ಸುಣ್ಣ ಅಂದರೆ ಇದಕ್ಕೆ ಪ್ರೀತಿ. ಅದಕ್ಕೇ ಹಳೆ ಗಾರೆ ಗೋಡೆಯ ಸಂದಿನಲ್ಲಿ, ಬಾವಿಯ ಕಲ್ಲುಕಟ್ಟಿನಲ್ಲಿ ತಾನಾಗಿ ಹುಟ್ಟುತ್ತದೆ. ನಿಮ್ಮ ಬಾವಿಯ ಒಳಗೆ ಈಗಲೇ ನಾಲ್ಕು ಇದ್ದರೂ ಆಶ್ಚರ್ಯ ಇಲ್ಲ. ಅದಕ್ಕೆ 150 ರೂಪಾಯಿ!

2001ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲೀನಾ ಮಾ ಮತ್ತು ಅವರ ಜೊತೆಯವರು ‘ನೇಚರ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಮರಕ್ಕೆ ಗೆದ್ದಲು ಹಿಡಿಯದ ಹಾಗೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಮದ್ದು ಹಾಕುತ್ತಿದ್ದ ಜಾಗದಲ್ಲಿ ಅವರಿಗೆ ಇದು ಸಿಕ್ಕಿತು. ಮಣ್ಣೆಲ್ಲ ಆರ್ಸೆನಿಕ್. ಅಲ್ಲಿ ಬೇರೆ ಗಿಡಗಳೂ ಇದ್ದವು, ಆದರೆ ಎಲೆಯಲ್ಲಿ ಆರ್ಸೆನಿಕ್ ರಾಶಿ ಹಾಕಿಕೊಂಡದ್ದು ಈ ಜರಿ. ಆಮೇಲೆ ಗ್ರೀನ್‌ಹೌಸ್‌ನಲ್ಲಿ ಬೇಕೆಂದೇ ಆರ್ಸೆನಿಕ್ ಬೆರೆಸಿದ ಮಣ್ಣಿನಲ್ಲಿ ಬೆಳೆಸಿದಾಗ, ಒಣ ಎಲೆಯ ತೂಕದಲ್ಲಿ ಶೇಕಡಾ 2.3ರಷ್ಟು ಆರ್ಸೆನಿಕ್ ಸಿಕ್ಕಿತು. ಒಂದು ಕಿಲೋ ಒಣ ಎಲೆಯಲ್ಲಿ 22 ಗ್ರಾಂ ದಾಟಿತು ಅಂದ ಹಾಗಾಯಿತು. ಬೇರೆ ಯಾವ ಗಿಡವೂ ಅಷ್ಟು ತಿಂದು ಬದುಕಿದ್ದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಅದರ ಬೆನ್ನಿಗೇ ಥಾಯ್ಲೆಂಡಿನಲ್ಲಿ ಇನ್ನೊಂದು ಜರಿ ಸಿಕ್ಕಿತು, ಪಿಟಿರೊಗ್ರಾಮ. ಇದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಎಲೆ ಕೈಗೆ ಒತ್ತಿ ತೆಗೆದರೆ ಬಿಳಿ ಅಚ್ಚು ಬೀಳುತ್ತದಲ್ಲ, ಶಾಲೆಗೆ ಹೋಗುವಾಗ ಬರೆಯ ಮೇಲಿಂದ ಕಿತ್ತು ಆಡುತ್ತಿದ್ದೆವಲ್ಲ, ಅದೇ. ಹೆದರಬೇಡಿ, ಮಣ್ಣಿನಲ್ಲಿ ಇದ್ದರೆ ತಾನೇ ಎಲೆಯಲ್ಲಿ ಬರುವುದು.

ಈಗ ಅದು ಹೇಗೆ ಹೀರುತ್ತದೆ ಅನ್ನುವುದು. ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು, ಹಾಗಾಗಿ ಇಲ್ಲಿ ಸ್ವಲ್ಪ ಎಳೆಯುತ್ತೇನೆ, ಸಹಿಸಿಕೊಳ್ಳಿ. ಮೂಲವಸ್ತುಗಳ ಕೋಷ್ಟಕದಲ್ಲಿ ರಂಜಕದ ಸರಿ ಕೆಳಗಿನ ಮನೆಯಲ್ಲೇ ಆರ್ಸೆನಿಕ್ ಇದೆ. ಇಬ್ಬರ ಮುಖವೂ ಒಂದೇ ಥರ. ಬೇರಿನಲ್ಲಿ ಫಾಸ್ಫೇಟ್, ಅಂದರೆ ಮಣ್ಣಿನಲ್ಲಿ ರಂಜಕ ಇರುವ ರೂಪ, ಒಳಗೆ ಬಿಡುವ ಬಾಗಿಲು ಇರುತ್ತದೆ, ಆರ್ಸೆನಿಕ್‌ನ ಅಂಥದ್ದೇ ರೂಪವಾದ ಆರ್ಸೆನೇಟ್ ಬಂದರೂ ಆ ಬಾಗಿಲಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಾವು ತೋಟಕ್ಕೆ ರಾಕ್ ಫಾಸ್ಫೇಟ್ ಹಾಕುತ್ತೇವಲ್ಲ, ಅದು ಹೋಗುವ ದಾರಿಯಲ್ಲೇ ವಿಷವೂ ನುಗ್ಗುತ್ತದೆ. ಮಾಮೂಲಿ ಗಿಡ ಒಳಗೆ ಬಂದದ್ದನ್ನು ಏನು ಮಾಡುವುದು ಎಂದು ತಿಳಿಯದೆ ಸೊರಗುತ್ತದೆ. ಜರಿ ಹಾಗಲ್ಲ. ಬೇರಿನಲ್ಲಿ ಇಟ್ಟುಕೊಳ್ಳದೆ ಮೇಲೆ ಎಲೆಗೆ ಕಳಿಸುತ್ತದೆ, ಆರ್ಸೆನೈಟ್ ಎಂಬ ರೂಪಕ್ಕೆ ತಿರುಗಿಸುತ್ತದೆ, ಜೀವಕೋಶದೊಳಗಿನ ನೀರಿನ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತದೆ. ಆ ಚೀಲದ ಕಾವಲುಗಾರ ಎಸಿಆರ್3 ಎಂಬ ಪ್ರೋಟೀನ್ ಎಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದರು. ತಮಾಷೆ ಏನೆಂದರೆ ಈ ಪ್ರೋಟೀನಿನ ಜೀನ್ ಹೂ ಬಿಡುವ ಗಿಡಗಳಲ್ಲಿ ಇಲ್ಲವೇ ಇಲ್ಲ. ಅಡಿಕೆ, ತೆಂಗು, ಬಾಳೆ, ಭತ್ತ ಯಾವುದಕ್ಕೂ ಇಲ್ಲ.

ಜರಿಗೆ ಇದರಿಂದ ಏನು ಲಾಭ ಎಂದು ನೀವು ಕೇಳಬಹುದು. ಆರ್ಸೆನಿಕ್ ತುಂಬಿದ ಎಲೆಯನ್ನು ಮಿಡತೆ ತಿನ್ನುವುದಿಲ್ಲ. ಅಷ್ಟೇ ಸಾಕಲ್ವಾ.

ಮನುಷ್ಯನ ಕಥೆ ಬೇರೆ. ನಮ್ಮ ಕೋಶಗಳಲ್ಲಿ ಆ ಚೀಲವೂ ಇಲ್ಲ, ಕಾವಲುಗಾರನೂ ಇಲ್ಲ. ಕುಡಿದ ನೀರಿನಿಂದ ಬಂದ ಆರ್ಸೆನಿಕ್ ಎರಡು ಕಡೆ ಕೈ ಹಾಕುತ್ತದೆ. ಆರ್ಸೆನೇಟ್ ಇಲ್ಲಿಯೂ ರಂಜಕದ ವೇಷದಲ್ಲೇ ಬರುತ್ತದೆ, ದೇಹ ಶಕ್ತಿ ಕೂಡಿಡುವ ಜಾಗದಲ್ಲಿ ರಂಜಕದ ಬದಲು ಕೂತು ಕೆಲಸ ಕೆಡಿಸುತ್ತದೆ. ಆರ್ಸೆನೈಟ್ ಇನ್ನೂ ಕೆಟ್ಟದ್ದು. ಅದಕ್ಕೆ ಗಂಧಕ ಕಂಡರೆ ಬಿಡಲಾಗುವುದಿಲ್ಲ, ಹೋಗಿ ಅಂಟಿಕೊಳ್ಳುತ್ತದೆ. ಉಂಡ ಅನ್ನವನ್ನು ಶಕ್ತಿಯಾಗಿ ಮಾಡುವ ಕಿಣ್ವಗಳಲ್ಲಿ ಗಂಧಕ ಇದೆ, ಅವು ಸ್ತಬ್ಧ. ಚರ್ಮ, ಕೂದಲು, ಉಗುರಿನ ಪ್ರೋಟೀನಿನಲ್ಲೂ ಗಂಧಕ ಜಾಸ್ತಿ, ಅದಕ್ಕೇ ಆರ್ಸೆನಿಕ್ ಅಲ್ಲಿ ಹೋಗಿ ಕೂರುತ್ತದೆ. ಪೊಲೀಸಿನವರು ಪಾಷಾಣ, ಅಂದರೆ ಆರ್ಸೆನಿಕ್ ವಿಷ, ಹಾಕಿದ ಕೇಸಿನಲ್ಲಿ ಕೂದಲು ಪರೀಕ್ಷೆ ಮಾಡಿಸುವುದು ಇದೇ ಕಾರಣಕ್ಕೆ. ನಮ್ಮ ಪಿತ್ತಕೋಶದ ಪಕ್ಕದ ದೊಡ್ಡಣ್ಣ, ಅಂದರೆ ಲಿವರ್, ಸುಮ್ಮನೆ ಕೂರುವುದಿಲ್ಲ. ಆರ್ಸೆನಿಕ್‌ಗೆ ಮಿಥೈಲ್ ಗುಂಪು ಎಂಬ ಇಂಗಾಲದ ಸಣ್ಣ ತುಣುಕು ಸೇರಿಸಿ ಮೂತ್ರದಲ್ಲಿ ಹೊರಗೆ ಕಳಿಸಲು ನೋಡುತ್ತದೆ. ಆದರೆ ಈ ಕೆಲಸದ ಅರ್ಧ ದಾರಿಯಲ್ಲಿ ಹುಟ್ಟುವ ವಸ್ತು ಮೊದಲಿನದ್ದಕ್ಕಿಂತ ಹೆಚ್ಚು ವಿಷ. ಕೆಲಸ ಪೂರ್ತಿ ಮುಗಿಸುವವರು ಬಚಾವು, ಅರ್ಧಕ್ಕೆ ನಿಲ್ಲುವವರಿಗೆ ತೊಂದರೆ ಜಾಸ್ತಿ. ಒಂದೇ ಬಾವಿಯ ನೀರು ಕುಡಿದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಬರುವುದರ ಒಂದು ಕಾರಣ ಇದು. ಈ ಕೆಲಸಕ್ಕೆ ಫೋಲೇಟ್ ಎಂಬ ವಿಟಮಿನ್ ಬೇಕು. ಬಾಂಗ್ಲಾದೇಶದಲ್ಲಿ ಫೋಲೇಟ್ ಕಡಿಮೆ ಇದ್ದವರಿಗೆ ಅದನ್ನು ಕೊಟ್ಟಾಗ ರಕ್ತದ ಆರ್ಸೆನಿಕ್ ಇಳಿಯಿತು. ಹರಿವೆ, ಬಸಳೆಯಲ್ಲಿ ಫೋಲೇಟ್ ಇದೆ. ಹಾಗೆಂದು ಬಸಳೆ ತಿಂದು ಕೆಟ್ಟ ನೀರು ಕುಡಿಯಬಹುದು ಎಂದು ಯಾರೂ ಫಾರ್ವರ್ಡ್ ಮಾಡಬೇಡಿ, ಮಾರಾಯ್ರೆ.

ವರ್ಷಗಟ್ಟಲೆ ಕುಡಿದರೆ ಕೋಶದ ಡಿಎನ್‌ಎ ರಿಪೇರಿ ಕೆಡುತ್ತದೆ. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ವರೆಗೆ ಹೋಗುತ್ತದೆ. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಕಲ್ಕತ್ತಾದ ಚರ್ಮದ ಡಾಕ್ಟರು ಕೆ.ಸಿ. ಸಹಾ. ಚರ್ಮ ನೋಡಿ ನೀರಿನ ದೋಷ ಹೇಳಿದವರು ಅವರು. ನಿಮ್ಮ ಅಪ್ಪನ ವಿಷಯಕ್ಕೆ ಇದೇ ದಾರಿಯಲ್ಲಿ ಬರುತ್ತೇನೆ, ಅದಕ್ಕೆ ಮುಂಚೆ ಎಂಡೋಸಲ್ಫಾನ್.

ಆರ್ಸೆನಿಕ್ ಒಂದು ಮೂಲವಸ್ತು. ಸುಟ್ಟರೂ, ಹೂತರೂ, ಗಿಡದ ಹೊಟ್ಟೆಗೆ ಹೋದರೂ ಅದು ಆರ್ಸೆನಿಕ್ಕೇ. ಎಂಡೋಸಲ್ಫಾನ್ ಕಾರ್ಖಾನೆಯಲ್ಲಿ ಮಾಡಿದ ಕ್ಲೋರಿನ್ ಸೇರಿದ ಸಂಯುಕ್ತ. ಅದಕ್ಕೂ ರಂಜಕಕ್ಕೂ ಮುಖ ಹೋಲುವುದಿಲ್ಲ, ಆ ಬಾಗಿಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಹೊಡೆಯುವುದು ನರಗಳಿಗೆ. ಅದನ್ನು ನಿಧಾನಕ್ಕೆ ಮುರಿಯುವುದು ಮಣ್ಣಿನ ಸೂಕ್ಷ್ಮಜೀವಿಗಳು. ನಮ್ಮ ಕಾಸರಗೋಡಿನ ಎಣ್ಮಕಜೆ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಮದ್ದು ಬಿಟ್ಟದ್ದು ನಿಂತು 20 ವರ್ಷ ದಾಟಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿತು. ಅದರಿಂದ ನರಳಿದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಆ ಹೆಸರು ಹೇಳಿ ಜರಿಗಿಡ ಮಾರುತ್ತಾರೆ ಅನ್ನುವುದೇ ನನಗೆ ಸಿಟ್ಟು ಬಂದ ವಿಷಯ.

ನಾನೂ ಬುದ್ಧಿವಂತ ಅಲ್ಲ, ಅದನ್ನೂ ಹೇಳುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ತಾಮ್ರದ ಮೈಲುತುತ್ತು ಮತ್ತು ಸುಣ್ಣ ಸೇರಿದ ಮದ್ದು, ಬಿಟ್ಟು ಬಿಟ್ಟು, ಅದನ್ನು ಕಲಸುವ ಡ್ರಮ್ಮಿನ ಸುತ್ತ ಮಣ್ಣಿನಲ್ಲಿ ತಾಮ್ರ ಜಾಸ್ತಿ ಎಂದು ಪರೀಕ್ಷೆಯಲ್ಲಿ ಬಂತು. ಈ ಜರಿಯ ಬಗ್ಗೆ ಆಗಷ್ಟೇ ಓದಿದ್ದೆ. ಹಳೆ ಬಾವಿಯಿಂದ ಮೂವತ್ತು ಗಿಡ ಕಿತ್ತು ತಂದು ನೆಟ್ಟೆ. ಎರಡು ಮಳೆಗಾಲ ಕಳೆಯಿತು. ಸುಣ್ಣ ಬಿದ್ದ ಜಾಗ ನೋಡಿ, ಗಿಡ ಸೊಗಸಾಗಿ ಬಂತು. ತಾಮ್ರ ಇದ್ದಲ್ಲೇ ಇತ್ತು. ಆರ್ಸೆನಿಕ್ ಹೀರುವ ಗಿಡ ತಾಮ್ರವನ್ನೂ ಹೀರಬೇಕು ಎಂದು ಅದಕ್ಕೆ ಯಾರು ಹೇಳಿದ್ದರು? ಮನೆಯವಳು ಈಗಲೂ ಅದಕ್ಕೆ ‘ನಿಮ್ಮ ಸಂಶೋಧನೆ’ ಎನ್ನುತ್ತಾಳೆ.

ನಿಜವಾಗಿ ಆರ್ಸೆನಿಕ್ ಇರುವ ಜಾಗದಲ್ಲೂ ಜರಿಯ ಕೆಲಸ ಬಹಳ ನಿಧಾನ. ಫ್ಲಾರಿಡಾದ ಅಂಥದ್ದೇ ಒಂದು ಜಾಗದಲ್ಲಿ ಎರಡು ವರ್ಷ ಬೆಳೆಸಿ ಕೊಯ್ದ ಮೇಲೆ ಮೇಲ್ಮಣ್ಣಿನ ಆರ್ಸೆನಿಕ್ ಕಿಲೋಗೆ 190 ಮಿಲಿಗ್ರಾಂನಿಂದ 140ಕ್ಕೆ ಇಳಿಯಿತು, ಅಷ್ಟೇ. ಆಮೇಲೆ ಕೊಯ್ದ ಸೊಪ್ಪು ಎಲ್ಲಿ ಹಾಕುತ್ತೀರಿ? ಅದು ವಿಷದ ಮೂಟೆ. ಗೊಬ್ಬರ ಗುಂಡಿಗೆ ಹಾಕಿದರೆ ತಿರುಗಿ ತೋಟಕ್ಕೆ. ಅಡಿಕೆ ಬುಡಕ್ಕೆ ಹೊದೆಸುವಂತಿಲ್ಲ, ದನಕ್ಕೆ ಹಾಕುವಂತಿಲ್ಲ. ಸುಟ್ಟರೆ ಹೊಗೆಯಲ್ಲಿ ಹೋಗುತ್ತದೆ. ಮಾರುವವರು ಇದನ್ನು ಹೇಳಿದರಾ?

ಇನ್ನು ನಿಮ್ಮ ಬಾವಿ. ಬಂಗಾಳದಲ್ಲಿ ಹಿಮಾಲಯದಿಂದ ಬಂದ ಹೊಸ ಮೆಕ್ಕಲು ಮಣ್ಣು. ಅದರೊಳಗೆ ಗಾಳಿ ಇಲ್ಲದ ಕಡೆ ಸೂಕ್ಷ್ಮಜೀವಿಗಳು ಕಬ್ಬಿಣದ ತುಕ್ಕನ್ನು ಕರಗಿಸುತ್ತವೆ, ತುಕ್ಕಿಗೆ ಅಂಟಿದ್ದ ಆರ್ಸೆನಿಕ್ ನೀರಿಗೆ ಬರುತ್ತದೆ. ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಊರು. ಮುರಕಲ್ಲಿನ ಕೆಂಪು ಅಂದರೆ ಅದೇ ಕಬ್ಬಿಣದ ತುಕ್ಕು, ಅದು ಆರ್ಸೆನಿಕ್ ಅನ್ನು ಹಿಡಿದಿಡುವ ಜಾತಿ. ಖರಗ್‌ಪುರ ಐಐಟಿಯವರು ಬಂಗಾಳದ ಹಳ್ಳಿಗಳಿಗೆ ಆರ್ಸೆನಿಕ್ ಫಿಲ್ಟರ್ ಮಾಡಿದ್ದು ಇಂಥ ಮುರಕಲ್ಲನ್ನೇ ಹದ ಮಾಡಿ. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ನಮ್ಮ ಸುರಂಗದ ನೀರು ಅಂಥ ಕಲ್ಲಿನ ನಡುವೆಯೇ ಇಳಿದು ಬರುತ್ತದೆ. ಕರ್ನಾಟಕದಲ್ಲಿ ಆರ್ಸೆನಿಕ್ ತೊಂದರೆ ಕಂಡಿದ್ದು ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೆ ಚಿನ್ನದ ಗಣಿಗಳ ಸೀಮೆ. ಅದನ್ನು ಮಂಗಳೂರು ಶಿಲಾ ಪಟ್ಟಿ ಎಂದು ಬರೆಯುತ್ತಾರೆ, ಅದನ್ನು ಓದಿಯೇ ಯಾರೋ ನಿಮ್ಮನ್ನು ಹೆದರಿಸಿರಬೇಕು. ಆ ಮಂಗಳೂರು ಅಲ್ಲಿಯದೇ ಒಂದು ಊರು, ನಮ್ಮ ತೊಕ್ಕೊಟ್ಟು ದಾಟಿ ಸಿಗುವ ಮಂಗಳೂರಲ್ಲ.

ಹಾಗಾಗಿ ನಿಮ್ಮ ತೆರೆದ ಬಾವಿಯಲ್ಲಿ ಇರುವ ಸಂಭವ ಕಡಿಮೆ ಎಂದು ನನ್ನ ಲೆಕ್ಕ. ಲೆಕ್ಕದ ಮೇಲೆ ನೀರು ಕುಡಿಯಬಾರದು, ಪರೀಕ್ಷೆ ಮಾಡಿಸಿ. ಬೋರ್‌ವೆಲ್ ಇದ್ದರೆ ಅದರದ್ದು ಬೇರೆ ಬಾಟಲಿ. ಆರ್ಸೆನಿಕ್‌ಗೆ ಬಣ್ಣ, ರುಚಿ, ವಾಸನೆ ಇಲ್ಲ. ಬೋರ್ ನೀರು ನಿಂತಾಗ ಕೆಂಪಾಗುವುದು ಕಬ್ಬಿಣ, ಅದು ಬೇರೆ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಮಾಮೂಲಿ ಮಣ್ಣು ಪರೀಕ್ಷೆ, ನೀರು ಪರೀಕ್ಷೆಯ ಪಟ್ಟಿಯಲ್ಲಿ ಆರ್ಸೆನಿಕ್ ಇರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ರಿಪೋರ್ಟಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ 0.01 ಮಿಲಿಗ್ರಾಂ, ಇದಕ್ಕಿಂತ ಕಡಿಮೆ ಇದ್ದರೆ ಸರಿ. ವಿಶ್ವ ಆರೋಗ್ಯ ಸಂಸ್ಥೆಯದ್ದೂ ನಮ್ಮ ದೇಶದ್ದೂ ಇದೇ ಮಿತಿ.

ಅಪ್ಪನ ಕೈ. ಅವರು ಎಷ್ಟು ವರ್ಷ ಅಡಿಕೆ ಸುಲಿದವರು, ಮರ ಹತ್ತಿದವರು, ಹಾರೆ ಹಿಡಿದವರು? ಕೆಲಸದಿಂದ ಗಟ್ಟಿಯಾಗುವುದು ಒತ್ತಡ ಬೀಳುವ ಜಾಗದಲ್ಲಿ, ಬಲಗೈಯಲ್ಲಿ ಜಾಸ್ತಿ. ಆರ್ಸೆನಿಕ್‌ನದ್ದು ಎರಡೂ ಅಂಗೈ, ಎರಡೂ ಅಂಗಾಲಿನಲ್ಲಿ ಸಮವಾಗಿ ಸಣ್ಣ ಕಾಳಿನ ಹಾಗೆ ಏಳುತ್ತದೆ. ಜೊತೆಗೆ ಎದೆ, ಬೆನ್ನಿನ ಮೇಲೆ ಕಪ್ಪು ಬಿಳಿ ಚುಕ್ಕೆ, ಧೂಳಿನ ಮೇಲೆ ಮಳೆ ಹನಿ ಬಿದ್ದ ಹಾಗೆ. ಮನೆಯಲ್ಲಿ ಅದೇ ನೀರು ಕುಡಿಯುವ ಬೇರೆಯವರಿಗೆ ಏನೂ ಇಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಫೋಟೋ ಗುಂಪಿಗೆ ಹಾಕಬೇಡಿ, ಇಲ್ಲಿ ನಾವೆಲ್ಲ ಅಡಿಕೆ ಡಾಕ್ಟರುಗಳು. ಚರ್ಮದ ಡಾಕ್ಟರಿಗೆ ತೋರಿಸಿ. ಅಪ್ಪ ಯಾವುದಾದರೂ ಹಳೆ ಔಷಧಿ, ಭಸ್ಮ ತೆಗೆದುಕೊಂಡಿದ್ದಾರಾ ಎಂದು ಡಾಕ್ಟರು ಕೇಳಬಹುದು. ನೆನಪು ಮಾಡಿ ಇಟ್ಟುಕೊಳ್ಳಿ, ಅಂಥ ಔಷಧಿಗೆ ಹಾಕುವ ಹರತಾಳ, ಮನಃಶಿಲೆ ಎರಡೂ ಆರ್ಸೆನಿಕ್ ಮತ್ತು ಗಂಧಕ ಸೇರಿದ ಕಲ್ಲುಗಳೇ. ಭೂತಕೋಲದಲ್ಲಿ ಮುಖಕ್ಕೆ ಹಚ್ಚುವ ಹಳದಿ ಅರದಾಳ ಕೂಡ ಅದೇ, ಮಲಯಾಳದವರು ಮನಯೋಲ ಎನ್ನುತ್ತಾರೆ. ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಅದಕ್ಕೆ ಹಚ್ಚಿದವರು ಬದುಕಿದ್ದಾರೆ.

ಇದೇ ಪಾಷಾಣದಿಂದ ಒಂದು ಜಾತಿಯ ರಕ್ತದ ಕ್ಯಾನ್ಸರ್‌ಗೆ ಮದ್ದೂ ಇದೆ, ಚೀನಾದ ಹಾರ್ಬಿನ್‌ನ ಡಾಕ್ಟರುಗಳು ಶುರು ಮಾಡಿದ್ದು. ಆ ಕಥೆ ಇನ್ನೊಂದು ದಿನ ಹೇಳುತ್ತೇನೆ.

ಸದ್ಯಕ್ಕೆ ಬಾಟಲಿಯನ್ನು ಲ್ಯಾಬಿನಿಂದಲೇ ಕೇಳಿ ತನ್ನಿ, ಮನೆಯ ಹಳೆ ಬಾಟಲಿ ಬೇಡ. ಪಂಪು ಹತ್ತು ನಿಮಿಷ ಓಡಿಸಿ ಆಮೇಲೆ ಹಿಡಿಯಿರಿ. ಶನಿವಾರ ನಾನು ಪೆರ್ಲದಿಂದ ಕಾಸರಗೋಡಿಗೆ ಹೋಗುವವನಿದ್ದೇನೆ, ಬೆಳಿಗ್ಗೆ ಏಳಕ್ಕೆ ಬದಿಯಡ್ಕ ಪೇಟೆಯಲ್ಲಿ ನಿಂತಿದ್ದರೆ ನಿಮ್ಮದನ್ನೂ ತೆಗೆದುಕೊಂಡು ಹೋಗುತ್ತೇನೆ.